ತ್ರಿಕೋನ ಎಣಿಸಿದರೆ ಸಾಕಾ?

ಪ್ರಶ್ನೆ: ಗುಳೇದಗುಡ್ಡದಲ್ಲಿ ಖಣ ನೇಯುವ 12 ಜನರಲ್ಲಿ ಯಾರಿಗೆ ಯಾರು ಆಗುತ್ತಾರೆ, ಯಾರು ಆಗಲ್ಲ ಅಂತ ಬರೆದು ಸಾಫ್ಟ್‌ವೇರ್‌ಗೆ ಕೊಟ್ಟೆ. ಎಲ್ಲ ತ್ರಿಕೋನಗಳೂ (ಒಬ್ಬರಿಗೊಬ್ಬರು ನಂಟಿರುವ ಮೂವರು) ಸಮತೋಲನದಲ್ಲಿವೆ ಎಂದು ಬಂತು. ಹಾಗಾದರೆ ಇಡೀ ಗುಂಪೇ ಸಮತೋಲನದಲ್ಲಿದೆ ಅನ್ನಬಹುದಾ?

ಅನ್ನೋಕಾಗಲ್ಲ. ಶತ್ರುವಿನ ಶತ್ರು ಮಿತ್ರ ಅನ್ನುವ ಲೆಕ್ಕವನ್ನು 1946ರಲ್ಲಿ ಫ್ರಿಟ್ಸ್ ಹೈಡರ್ ಮನಶ್ಶಾಸ್ತ್ರಕ್ಕೆ ತಂದರು. 1956ರಲ್ಲಿ ಕಾರ್ಟ್‌ರೈಟ್ ಮತ್ತು ಹರಾರಿ ಅದನ್ನು ಗೆರೆ-ಚುಕ್ಕಿಯ ಗಣಿತವಾಗಿಸಿದರು: ಒಬ್ಬೊಬ್ಬರೂ ಒಂದು ಚುಕ್ಕಿ, ಸ್ನೇಹ ಪ್ಲಸ್ ಗೆರೆ, ಜಗಳ ಮೈನಸ್ ಗೆರೆ. ಅವರ ನಿಯಮ ತ್ರಿಕೋನಕ್ಕಷ್ಟೇ ಅಲ್ಲ, ಎಲ್ಲ ಸುತ್ತುಗಳಿಗೂ (ಗೆರೆ ಹಿಡಿದು ಹೊರಟು ಮತ್ತೆ ಅದೇ ಚುಕ್ಕಿಗೆ ಬರುವ ದಾರಿ) ಅನ್ವಯಿಸುತ್ತದೆ. ಯಾವ ಸುತ್ತಿನಲ್ಲೂ ಮೈನಸ್ ಗೆರೆಗಳು ಬೆಸ ಸಂಖ್ಯೆಯಲ್ಲಿ ಇರಬಾರದು, ಆಗಲೇ ಸಮತೋಲನ. 12 ಜನರ 66 ಜೋಡಿಗಳಿಗೂ ಗೆರೆ ಇದ್ದರೆ ತ್ರಿಕೋನ ನೋಡಿದರೆ ಸಾಕು. ಆದರೆ ಅಷ್ಟೊಂದು ನಂಟು ಯಾವ ಓಣಿಯಲ್ಲಿರುತ್ತೆ?

ನಾಲ್ಕು ಮನೆ ಅಂದುಕೊಳ್ಳಿ. 1ಕ್ಕೂ 2ಕ್ಕೂ ಸ್ನೇಹ, 2ಕ್ಕೂ 3ಕ್ಕೂ, 3ಕ್ಕೂ 4ಕ್ಕೂ ಸ್ನೇಹ. 4ಕ್ಕೂ 1ಕ್ಕೂ ಜಗಳ. 1-3, 2-4 ನಡುವೆ ನಂಟೂ ಇಲ್ಲ, ತಂಟೆಯೂ ಇಲ್ಲ. ಇಲ್ಲಿ ಒಂದೂ ತ್ರಿಕೋನವಿಲ್ಲ, ಹಾಗಾಗಿ ತಪ್ಪು ತ್ರಿಕೋನವೂ ಇಲ್ಲ. ಆದರೂ 1-2-3-4-1 ಸುತ್ತಿನಲ್ಲಿ ಮೈನಸ್ ಒಂದೇ, ಅಂದರೆ ಬೆಸ; ಸಮತೋಲನ ತಪ್ಪಿದೆ.

ಅದಕ್ಕೇ ‘ಫ್ರಸ್ಟ್ರೇಶನ್ ಇಂಡೆಕ್ಸ್’ ಕೇಳಿ. ಜನರನ್ನು ಎರಡು ಬಣ ಮಾಡಿದಾಗ ಬಣದೊಳಗಿನ ಜಗಳ, ಬಣದಾಚೆಯ ಸ್ನೇಹ ಎರಡನ್ನೂ ಎಣಿಸಬೇಕು. ಆ ಎಣಿಕೆ ಅತಿ ಕಡಿಮೆ ಎಷ್ಟಾಗಬಹುದೋ ಅದೇ ಈ ಸಂಖ್ಯೆ; ಸಮತೋಲನಕ್ಕೆ ಕನಿಷ್ಠ ಅಷ್ಟು ಗೆರೆ ಬದಲಾಗಬೇಕು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೈನ್‌ನೆಟ್ ಪ್ಯಾಕೇಜ್ ಇದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕುತ್ತದೆ. ಗುಂಪು ದೊಡ್ಡದಾದಷ್ಟೂ ಇದು ಕಷ್ಟದ ಲೆಕ್ಕ. ನಿಮ್ಮ 12 ಜನಕ್ಕಾದರೆ 2048 ಹಂಚಿಕೆ ಮಾತ್ರ, ಪೈಥಾನ್‌ನಲ್ಲಿ ಒಂದೊಂದಾಗಿ ನೋಡಿದರೂ ಮುಗಿಯುತ್ತೆ. ಹೋಲಿಕೆಗೆ, ನ್ಯೂ ಗಿನಿಯ 16 ಬುಡಕಟ್ಟುಗಳ ಹಳೆಯ ದಾಖಲೆಯಲ್ಲಿ 58 ಗೆರೆಗಳಿವೆ. ಅಲ್ಲಿ ಈ ಸಂಖ್ಯೆ 7.

ನಮ್ಮ ನಾಲ್ಕು ಮನೆಗೆ ಅದು 1. ಯಾವ ಗೆರೆ? ನಾಲ್ಕರಲ್ಲಿ ಯಾವುದನ್ನು ಬದಲಿಸಿದರೂ ಸರಿಹೋಗುತ್ತೆ! ಸಾಫ್ಟ್‌ವೇರ್ ಒಂದನ್ನಷ್ಟೇ ತೋರಿಸಬಹುದು. ಅದನ್ನು ಹಿಡಿದು ‘ಇವರಿಬ್ಬರಿಂದಲೇ ಎಲ್ಲ ಕೆಟ್ಟಿದ್ದು’ ಅಂತ ಸುಮ್ನೆ ಬರೆದುಬಿಡಬೇಡಿ.

ಇನ್ನೊಂದು, ಮೈನಸ್ ಎಲ್ಲಿಂದ ಬಂತು? ನಮ್ಮ ಕಡೆ ‘ಯಾರ ಜೊತೆ ಆಗಲ್ಲ?’ ಅಂತ ಕೇಳಿದರೆ ‘ಹಂಗೇನಿಲ್ರೀ’ ಅನ್ನೋರೇ ಜಾಸ್ತಿ. ‘ಸಾಲಕ್ಕೆ ಯಾರಿಗೆ ಜಾಮೀನು ನಿಲ್ಲಲ್ಲ?’ ಅಂತ ಕೇಳಿ ನೋಡಿ. ಉತ್ತರ ಸಿಗದ ಜೋಡಿಗೆ ಮೈನಸ್ ಹಾಕಿದ್ದರೆ ಅಳಿಸಿ, ಗೆರೆಯೇ ಇಲ್ಲದಂತೆ ಬಿಟ್ಟು ಇನ್ನೊಮ್ಮೆ ಓಡಿಸಿ.