ಹಳೇ ತೂಗುದೀಪಕ್ಕೆ ಪೇಂಟ್ ಆಮೇಲೆ, ಮೊದಲು ಹಸಿರು ವೈರ್

ಭಾನುವಾರ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಳೇ ತೂಗುದೀಪ ಕೊಂಡವರು ವಾರದೊಳಗೆ ನನ್ನ ರಿಪೇರಿ ಅಂಗಡಿಗೆ ಬರುತ್ತಾರೆ. ಅಷ್ಟರಲ್ಲಿ ದೀಪಕ್ಕೆ ಸ್ಪ್ರೇ ಪೇಂಟ್ ಆಗಿರುತ್ತದೆ. ಕಪ್ಪು ಮ್ಯಾಟ್, ಇಲ್ಲವೇ ಬಂಗಾರದ ಬಣ್ಣ. "ಅಣ್ಣಾ, ಹೋಲ್ಡರ್ ಸ್ವಲ್ಪ ಲೂಸ್ ಇದೆ, ಅದೊಂದು ನೋಡಿಕೊಡಿ. ಮಿಕ್ಕಿದ್ದೆಲ್ಲ ಸರಿ ಇದೆ, ಹಾಕಿ ನೋಡಿದ್ವಿ, ಉರಿಯುತ್ತೆ" ಅನ್ನುತ್ತಾರೆ.

ಉರಿಯುತ್ತೆ, ಅದಕ್ಕೇ ಸರಿ ಇದೆ. ಈ ನಂಬಿಕೆ ಬಿಡಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಬಲ್ಬ್ ಉರಿಯಲು ಎರಡು ವೈರ್ ಸಾಕು, ಫೇಸ್ ಮತ್ತು ನ್ಯೂಟ್ರಲ್. ಮೂರನೆಯದು ಹಸಿರು, ಅರ್ಥ್, ದೀಪದ ಲೋಹದ ಮೈಯನ್ನು ನೆಲಕ್ಕೆ ಸೇರಿಸುವ ವೈರ್. ಅದು ಇಲ್ಲದಿದ್ದರೂ ಬಲ್ಬ್ ಅಷ್ಟೇ ಚೆನ್ನಾಗಿ ಉರಿಯುತ್ತದೆ. ಹಾಗಾಗಿ ಸ್ವಿಚ್ ಹಾಕಿ ನೋಡಿದರೆ ಅರ್ಥ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಒಳಗಿನ ವೈರ್ ಹೇಗಿದೆ ಅನ್ನುವುದೂ ತಿಳಿಯುವುದಿಲ್ಲ. ಹಳೇ ದೀಪಗಳಲ್ಲಿ ರಬ್ಬರಿನ ಮೇಲೆ ಹತ್ತಿ ನೂಲು ಹೆಣೆದ ವೈರ್ ಇರುತ್ತದೆ. ವರ್ಷಗಟ್ಟಲೆ 60, 100 ವ್ಯಾಟ್ ಬಲ್ಬಿನ ಬಿಸಿಗೆ ಆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಬಗ್ಗಿಸಿದರೆ ಪುಡಿ ಉದುರುತ್ತದೆ. ಒಳಗಿನ ತಾಮ್ರ ಎಲ್ಲೋ ಒಂದು ಕಡೆ ಹಿತ್ತಾಳೆ ಕೊಳವೆಗೆ ತಾಗಿತು ಅಂದುಕೊಳ್ಳಿ. ಆಗ ದೀಪದ ಮೈಯಿಡೀ 230 ವೋಲ್ಟ್. ಬಲ್ಬ್ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿರುತ್ತದೆ. ಹಬ್ಬಕ್ಕೆ ಧೂಳು ಒರೆಸಲು ಒದ್ದೆ ಬಟ್ಟೆ ಹಿಡಿದು ಸ್ಟೂಲ್ ಹತ್ತಿದವರಿಗೇ ಅದು ಮೊದಲು ಗೊತ್ತಾಗುವುದು.

ಅರ್ಥ್ ಇದ್ದರೆ, ತಾಮ್ರ ಮೈಗೆ ತಾಗಿದ ಗಳಿಗೆಯಲ್ಲೇ ಕರೆಂಟ್ ಹಸಿರು ವೈರಿನಲ್ಲಿ ಹರಿಯುತ್ತದೆ. ಎಂಸಿಬಿಯೋ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಟ್ರಿಪ್ ಆಗಿ ಕರೆಂಟ್ ನಿಲ್ಲುತ್ತದೆ. ಯಾರೂ ದೀಪ ಮುಟ್ಟಬೇಕಾಗಿಲ್ಲ. ಆರ್‌ಸಿಸಿಬಿ ಇದೆ, ಅರ್ಥ್ ಯಾಕೆ ಅಂತ ಕೇಳುವವರಿದ್ದಾರೆ. ಅರ್ಥ್ ಇಲ್ಲದಿದ್ದರೆ ಆರ್‌ಸಿಸಿಬಿ ಬೀಳಲು ಮನುಷ್ಯನೇ ಮುಟ್ಟಬೇಕು. ಅಲ್ಲಿಯವರೆಗೆ ಕಾಯೋದು ಯಾಕೆ?

"ಪೇಂಟ್ ಹೊಡೆದಿದೀವಲ್ಲ, ಆದ್ರೂ ಶಾಕ್ ಹೊಡೆಯುತ್ತಾ?" ಹೊಡೆಯುತ್ತದೆ. ಪೇಂಟ್ ಪದರ ತೆಳು. ತಿರುಪಿನ ತಲೆಯಲ್ಲಿ, ಸರಪಳಿಯ ಕೊಂಡಿಯಲ್ಲಿ ಅದು ಎಂದೋ ಕಿತ್ತುಹೋಗಿರುತ್ತದೆ. ಪೇಂಟಿನಿಂದ ಇನ್ನೊಂದು ತೊಂದರೆಯೂ ಉಂಟು. ಅರ್ಥ್ ತಿರುಪು ಕೂರುವ ಜಾಗಕ್ಕೂ ಬಣ್ಣ ಬಿದ್ದರೆ, ಹಸಿರು ವೈರ್ ಕಟ್ಟಿಯೂ ಪ್ರಯೋಜನವಿಲ್ಲ, ಅದು ಲೋಹಕ್ಕೆ ತಾಗಿರುವುದೇ ಇಲ್ಲ. ಆ ಜಾಗವನ್ನು ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಆಮೇಲೆ ಬಿಗಿಯಬೇಕು. ದೀಪ ನೇತುಹಾಕುವ ಮುಂಚೆ ಮಲ್ಟಿಮೀಟರಿನ ಒಂದು ಕಡ್ಡಿ ಹಸಿರು ವೈರಿಗೆ, ಇನ್ನೊಂದು ಬಣ್ಣವಿಲ್ಲದ ಬರಿ ಲೋಹಕ್ಕೆ ಇಟ್ಟು ಬೀಪ್ ಬರುತ್ತದಾ ಅಂತ ನೋಡಿ.

ಹಳೇ ಮನೆಗಳಲ್ಲಿ ಸೀಲಿಂಗ್‌ಗೆ ಎರಡೇ ವೈರ್ ಬಂದಿರುವುದು ಜಾಸ್ತಿ. ಮೂರನೆಯದನ್ನು ಎಳೆಸಿ. ಖರ್ಚಾಗುತ್ತದೆ, ಹೌದು. ಕೆಲವು ಬುದ್ಧಿವಂತರು ಹಸಿರು ವೈರನ್ನು ನ್ಯೂಟ್ರಲ್‌ಗೇ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಮುಂದೆ ಎಲ್ಲಾದರೂ ನ್ಯೂಟ್ರಲ್ ಬಿಟ್ಟುಕೊಂಡರೆ ಫೇಸ್ ಬಲ್ಬಿನ ಮೂಲಕವೇ ದೀಪದ ಮೈಗೆ ಬರುತ್ತದೆ. ದಯವಿಟ್ಟು ಇದನ್ನು ಮಾಡಿಸಿಕೊಳ್ಳಬೇಡಿ. ಮನೆಯ ವೈರಿಂಗ್ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಮಲ್ಲೇಶ್ವರದ ನಿವೃತ್ತ ಮೇಷ್ಟ್ರೊಬ್ಬರು ಒಂದು ದೀಪ ತಂದಿದ್ದರು. ಮಾರಿದವನು "ನೂರೈವತ್ತು ವರ್ಷದ ಎಲೆಕ್ಟ್ರಿಕ್ ದೀಪ ಸಾರ್" ಅಂದಿದ್ದನಂತೆ. ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹೇಳಿದೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕರು, ಆಮೇಲೆ ಕೊಟ್ಟ ದುಡ್ಡು ನೆನಪಾಗಿ ಸುಮ್ಮನಾದರು. ದೀಪ ನಿಜಕ್ಕೂ ಹಳೆಯದೇ, ಆದರೆ ಸೀಮೆಎಣ್ಣೆಯದು. ಯಾರೋ ತಳಕ್ಕೆ ತೂತು ಕೊರೆದು ವೈರ್ ತೂರಿಸಿದ್ದರು. ಅಂಚಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ತಗಡಿನ ಅಂಚು ವೈರನ್ನು ಮುಕ್ಕಾಲು ಕೊಯ್ದಿತ್ತು. ಅದೂ ಉರಿಯುತ್ತಿತ್ತು ಅನ್ನಿ! ಬುಷ್ ಹಾಕಿ, ಐಎಸ್ಐ ಗುರುತಿನ 0.75 ಚದರ ಮಿಲಿಮೀಟರಿನ ಮೂರು ಕೋರ್ ವೈರ್ ಎಳೆದು, ಹೊಸ ಪಿನ್ ಹೋಲ್ಡರ್ ಕೂರಿಸಿಕೊಟ್ಟೆ. ಉದುರಿಹೋಗಿದ್ದ ಗಾಜಿನ ಲೋಲಕಗಳ ಬದಲು ಚನ್ನಪಟ್ಟಣದ ಬಣ್ಣದ ಮರದ ಮಣಿ ಪೋಣಿಸಿದ್ದು ಮೇಷ್ಟ್ರದೇ ಐಡಿಯಾ. ಚೆಂದ ಕಂಡಿತು. ಆ ಬಣ್ಣ ಅರಗಿನದು, ಬಿಸಿಗೆ ಮೆತ್ತಗಾಗುತ್ತದೆ, ಬಲ್ಬಿನಿಂದ ದೂರವಿರಲಿ ಅಂತ ಹೇಳಿ ಕಳಿಸಿದೆ.

ಇನ್ನು ಅಲಂಕಾರದ ವಿಷಯ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಕಬ್ಬಿಣದ ಮೇಲಿನ ಲೇಪ, ಪ್ರೈಮರ್ ಹಾಕಿ ಏನು ಬಣ್ಣ ಬೇಕಾದರೂ ಹೊಡೆಯಿರಿ. ಅಂಟದೆ ಗಟ್ಟಿ ಹಿತ್ತಾಳೆ ಅನ್ನಿಸಿದರೆ ಪೇಂಟ್ ಹೊಡೆಯುವುದು ಪಾಪ. ಹುಣಸೆಹಣ್ಣು ಹಾಕಿ ಉಜ್ಜಿದರೆ ಸಾಕು. ಹೋಲ್ಡರ್, ವೈರ್ ಎಲ್ಲ ಬಿಚ್ಚಿಟ್ಟು ಉಜ್ಜಬೇಕು, ಹುಳಿನೀರು ಒಳಗೆ ಉಳಿಯಬಾರದು. ಹಳೇ ಪೇಂಟ್ ಇದ್ದರೆ ಒಣದಾಗಿ ಕೆರೆಯಬೇಡಿ. ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ, ಹಳೇ ಪೇಂಟಿನ ಧೂಳಿನಲ್ಲಿ ಸೀಸದ ವಿಷ ಇರಬಹುದು. ಒದ್ದೆ ಮಾಡಿ ಕೆರೆಯಿರಿ, ಮಕ್ಕಳು ಹತ್ತಿರ ಇರಬಾರದು.

ತಿರುಪು ಹೋಲ್ಡರ್ ಇರುವ ದೀಪವಾದರೆ ಫೇಸ್ ಹೋಲ್ಡರ್ ನಡುವಿನ ಲೋಹದ ಗುಂಡಿಗೇ ಬರಬೇಕು, ಸುತ್ತಲಿನ ತಿರುಪಿನ ಸುರುಳಿಗೆ ಅಲ್ಲ. ಬಲ್ಬ್ ಬದಲಾಯಿಸುವಾಗ ಬೆರಳು ತಾಗುವುದು ಆ ಸುರುಳಿಗೇ.

60 ವ್ಯಾಟಿನ ಜಾಗಕ್ಕೆ 9 ವ್ಯಾಟ್ ಎಲ್‌ಇಡಿ ಸಾಕು, 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇರುವ ವಾರ್ಮ್ ವೈಟ್. ಇಷ್ಟೆಲ್ಲ ಕಷ್ಟಪಟ್ಟು ಹಿತ್ತಾಳೆ ಬೆಳಗಿಸಿ 6500 ಕೆಲ್ವಿನ್‌ನ ನೀಲಿ ಬಿಳುಪಿನ ಬಲ್ಬ್ ಹಾಕಿದರೆ ಹಾಲ್ ಮೆಡಿಕಲ್ ಶಾಪ್ ಥರ ಕಾಣುತ್ತದೆ.

ಪೇಂಟ್ ಡಬ್ಬಿ ತೆಗೆಯುವ ಮುಂಚೆ ದೀಪ ತಂದರೆ ಕೆಲಸ ಬೇಗ ಮುಗಿಯುತ್ತದೆ, ದುಡ್ಡೂ ಕಡಿಮೆ. ಪೇಂಟ್ ಆದಮೇಲೆ ತಂದರೆ ಬಿಚ್ಚುವಾಗ ಚಕ್ಕೆ ಎದ್ದೇ ಏಳುತ್ತದೆ. ಅದಕ್ಕೆ ನನ್ನನ್ನು ಬೈಯಬೇಡಿ.