ಎಂಟನೇ ತರಗತಿಯ ಮಗ ಪುಟ ಓದಿ ಮುಗಿಸುತ್ತಾನೆ, ತಲೆಗೆ ಏನೂ ಹತ್ತುವುದಿಲ್ಲ. ಏನು ಮಾಡಬೇಕು?

ಓದುಗರ ಪ್ರಶ್ನೆ: ಮಗ ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ. ಮಾತಿನಲ್ಲಿ ಚುರುಕು, ಟೀಚರ್ ಬಾಯಲ್ಲಿ ಹೇಳಿದ್ದು ನೆನಪಿರುತ್ತದೆ. ಆದರೆ ವಿಜ್ಞಾನ ಅಥವಾ ಸಮಾಜ ಪುಸ್ತಕ ಕೊಟ್ಟರೆ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಮುಗಿದ ಮೇಲೆ ಕೇಳಿದರೆ ಏನೂ ಹೇಳುವುದಿಲ್ಲ. ಟ್ಯೂಷನ್‌ಗೂ ಹಾಕಿದ್ದೇವೆ, ಪ್ರಯೋಜನವಾಗಿಲ್ಲ. ಸೋಮಾರಿತನ ಎಂದೇ ಅನಿಸುತ್ತದೆ.

ಉತ್ತರ: ಟ್ಯೂಷನ್ನಿನಲ್ಲಿ ಅದೇ ಪಾಠವನ್ನು ಇನ್ನೊಮ್ಮೆ ಹೇಳುತ್ತಾರೆ. ನೀವು ಬರೆದಿರುವುದನ್ನು ನೋಡಿದರೆ ಪಾಠ ಅವನಿಗೆ ಅರ್ಥವಾಗುತ್ತದೆ, ಅದು ಅಚ್ಚಿನ ರೂಪದಲ್ಲಿ ಎದುರು ಬಂದಾಗ ತೊಡಕಾಗುತ್ತದೆ. ಸೋಮಾರಿ ಎಂಬ ಮಾತನ್ನು ದಯವಿಟ್ಟು ಇವತ್ತಿಗೇ ಬಿಡಿ. ಮಕ್ಕಳ ಓದು, ಲೆಕ್ಕದ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನು ಓದಿಸಿ ನೋಡಿತು. ಸುಮಾರು ಕಾಲು ಭಾಗದಷ್ಟು ಮಂದಿಗೆ ತಮ್ಮ ಭಾಷೆಯ ಎರಡನೇ ತರಗತಿ ಮಟ್ಟದ ಪಠ್ಯವೂ ಸರಾಗವಾಗಿ ಬರಲಿಲ್ಲ.

ಮೊದಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಎಂದು ಪತ್ತೆಮಾಡಿ. ಇನ್ನೂ ಪಾಠ ಆಗದ ಒಂದು ವಿಜ್ಞಾನದ ಪುಟದಿಂದ ಸುಮಾರು 50 ಪದ ಗಟ್ಟಿಯಾಗಿ ಓದಿಸಿ, ತಪ್ಪಿದ ಪದಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ಪ್ಯಾರಾವನ್ನು ನೀವೇ ಓದಿ, ಅವನ ಮಾತಿನಲ್ಲಿ ಹೇಳಿಸಿ. ಓದುವಾಗ ಐದಾರಕ್ಕಿಂತ ಹೆಚ್ಚು ಪದ ತಪ್ಪಿ, ಕೇಳಿದ್ದು ಮಾತ್ರ ಚೆನ್ನಾಗಿ ಹೇಳಿದರೆ ತೊಂದರೆ ಪದ ಬಿಡಿಸುವುದರಲ್ಲಿ, ಅಂದರೆ ಅಕ್ಷರ ಕೂಡಿಸಿ ಪದವಾಗಿ ಓದುವುದರಲ್ಲಿದೆ. ಸರಾಗವಾಗಿ ಓದಿಯೂ, ಕೇಳಿಯೂ ಏನೂ ಹೇಳದಿದ್ದರೆ ಪದಗಳ ಅರ್ಥ ಮತ್ತು ವಿಷಯದ ಹಿನ್ನೆಲೆ ಕಡಿಮೆಯಿದೆ. ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಇದನ್ನು ಗುಣಾಕಾರವಾಗಿ ವಿವರಿಸಿದರು: ಪದ ಬಿಡಿಸುವ ಶಕ್ತಿಯನ್ನು ಕೇಳಿ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಓದಿನ ತಿಳಿವಳಿಕೆ. ಒಂದು ಸೊನ್ನೆಯಾದರೆ ಎರಡೂ ವ್ಯರ್ಥ. ಅಂದಹಾಗೆ, ಮನೆಮಾತಿನಲ್ಲಿ ‘ಹಣ’ವನ್ನು ‘ಅಣ’ ಎನ್ನುವ ಹುಡುಗ ಓದುವಾಗಲೂ ಹಾಗೇ ಅಂದರೆ ಅದನ್ನು ತಪ್ಪೆಂದು ಎಣಿಸಬೇಡಿ. ಅವನಿಗೆ ಪದ ಗೊತ್ತಾಗಿದೆ.

ಪದ ಬಿಡಿಸುವುದರಲ್ಲಿ ಈ ವಯಸ್ಸಿನವರು ಎಡವುವುದು ಹೆಚ್ಚಾಗಿ ವಿಜಾತೀಯ ಒತ್ತಕ್ಷರಗಳಲ್ಲಿ, ಅಂದರೆ ಬೇರೆ ಬೇರೆ ವ್ಯಂಜನಗಳು ಕೂಡಿದ ಕಡೆ. ‘ಅಕ್ಕ’, ‘ಅಮ್ಮ’ ಸಲೀಸು. ‘ರಾಷ್ಟ್ರ’, ‘ಸಂಶ್ಲೇಷಣೆ’ ಬಂದಾಗ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತಾರೆ. ಅರ್ಕಾವತ್ತು (‘ರ್’ ಸೂಚಿಸುವ ಚಿಹ್ನೆ) ಇನ್ನೂ ಕಷ್ಟ, ಏಕೆಂದರೆ ಬರೆಯುವುದು ವ್ಯಂಜನದ ನಂತರ, ಉಚ್ಚರಿಸುವುದು ಅದಕ್ಕೂ ಮೊದಲು. ‘ಗುರುತ್ವಾಕರ್ಷಣೆ’, ‘ಅಪವರ್ತ್ಯ’ ಇಂಥ ಪದಗಳಲ್ಲಿ ತಡವರಿಸುವುದು ಅದಕ್ಕೇ. ಇದಕ್ಕಾಗಿ ಮತ್ತೆ ಒಂದನೇ ತರಗತಿಯ ಕಾಗುಣಿತ ಹಿಡಿಸಬೇಡಿ. ಹದಿಮೂರು ವರ್ಷದವನಿಗೆ ಅದು ಅವಮಾನ. ನಾಳೆಯ ಪಾಠದಿಂದಲೇ ಆರರಿಂದ ಎಂಟು ಪದ ಆರಿಸಿ, ಪೆನ್ಸಿಲ್‌ನಲ್ಲಿ ಗೆರೆ ಹಾಕಿ ತುಂಡು ಮಾಡಿಸಿ: ದ್ಯುತಿ / ಸಂ / ಶ್ಲೇಷಣೆ. ತುಂಡು ಓದಿ, ಕೂಡಿಸಿ ಓದಿ, ಆ ಪದವಿರುವ ವಾಕ್ಯವನ್ನು ಓದಲಿ. ದಿನಕ್ಕೆ ಹತ್ತು ನಿಮಿಷ ಸಾಕು.

ಆಮೇಲೆ 60–80 ಪದದ ಒಂದು ಪ್ಯಾರಾ. ಮೊದಲು ನೀವು ಓದಿ, ನಂತರ ಇಬ್ಬರೂ ಒಟ್ಟಿಗೆ, ಬಳಿಕ ಅವನೊಬ್ಬನೇ ಎರಡು ಸಲ. ಅದಕ್ಕಿಂತ ಹೆಚ್ಚಾದರೆ ಅದು ಬಾಯಿಪಾಠವಾಗಿ, ಕಣ್ಣು ಪುಟದ ಮೇಲೆ ಇರುವುದೇ ಇಲ್ಲ. ತಡವರಿಸಿದ ಕೂಡಲೇ ಪದ ಹೇಳಿಕೊಡಬೇಡಿ. ಮೂರು ಸೆಕೆಂಡ್ ಕಾಯಿರಿ, ತುಂಡು ತೋರಿಸಿ, ಆಗಲೂ ಬಾರದಿದ್ದರೆ ಹೇಳಿ.

ಇಷ್ಟಾದರೂ ಅರ್ಥ ತಾನಾಗಿ ಬರುವುದಿಲ್ಲ, ಯಾಕೆಂದರೆ ಒಂದೊಂದು ವಿಷಯದ ಪುಸ್ತಕ ಒಂದೊಂದು ಬಗೆಯಲ್ಲಿ ಬರೆದಿರುತ್ತದೆ. ಸಮಾಜದಲ್ಲಿ ವಾಕ್ಯ ಉದ್ದ, ಕ್ರಿಯಾಪದ ಕೊನೆಗೆ. ‘1956ರ ನವೆಂಬರ್ 1ರಂದು ಭಾಷಾವಾರು ರಾಜ್ಯ ರಚನೆಯ ಫಲವಾಗಿ ರೂಪುಗೊಂಡ ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂದು ಹೆಸರಿಡಲಾಯಿತು’ ಎಂಬುದನ್ನು ಓದಿಸಿ, ಕರ್ನಾಟಕ ಎಂಬ ಹೆಸರು ಬಂದದ್ದು ಯಾವಾಗ ಎಂದು ಕೇಳಿ. ಕಷ್ಟಪಟ್ಟು ಓದುವವನು ಮೊದಲು ಕಂಡ 1956 ಎನ್ನುತ್ತಾನೆ. ಇಂಥ ವಾಕ್ಯವನ್ನು ಅವನೇ ಎರಡಾಗಿ ಒಡೆದು ಬರೆಯಲಿ: 1956ರಲ್ಲಿ ರಾಜ್ಯ ರೂಪುಗೊಂಡಿತು, 1973ರಲ್ಲಿ ಅದಕ್ಕೆ ಹೆಸರು ಬದಲಾಯಿತು. ದಿನಕ್ಕೆ ಎರಡು ವಾಕ್ಯ ಸಾಕು.

ಗಣಿತದಲ್ಲಿ ವಿಭಕ್ತಿ ಪ್ರತ್ಯಯವೇ ಲೆಕ್ಕವನ್ನು ನಿರ್ಧರಿಸುತ್ತದೆ. ‘10ರಿಂದ 5ನ್ನು ಕಳೆಯಿರಿ’ ಎಂದರೆ 10 ಮುಂದೆ: 10 − 5. ‘10ರಿಂದ 5ನ್ನು ಭಾಗಿಸಿ’ ಎಂದರೆ 5 ಮುಂದೆ, 10 ಭಾಜಕ: 5 ÷ 10. ಅಂಕಿಗಳನ್ನಷ್ಟೇ ಹೆಕ್ಕಿಕೊಂಡು ಓದುವವನಿಗೆ ಎರಡೂ ಒಂದೇ. ‘ರಿಂದ’, ‘ನ್ನು’, ‘ಕ್ಕಿಂತ’, ‘ರಷ್ಟು’ ಇವುಗಳಿಗೆ ಸುತ್ತು ಹಾಕಿಸಿ, ಲೆಕ್ಕ ಮಾಡುವ ಮೊದಲು ಏನು ಕೇಳಿದ್ದಾರೆ ಎಂದು ಬಾಯಲ್ಲಿ ಹೇಳಿಸಿ. ವಿಜ್ಞಾನದಲ್ಲಿ ಚಿತ್ರ ಮತ್ತು ಅದರ ಹೆಸರುಗಳನ್ನು ಮೊದಲು ನೋಡಲಿ, ಪ್ಯಾರಾ ಆಮೇಲೆ.

ಪ್ರತಿ ಪ್ಯಾರಾ ಮುಗಿದಾಗ ಅಂಚಿನಲ್ಲಿ ಹತ್ತು ಪದ ಮೀರದ ಒಂದು ಸಾರ, ತಾನೇ ಕಟ್ಟಿದ ಒಂದು ಪ್ರಶ್ನೆ, ತಿಳಿಯದ ಒಂದು ಪದ ಬರೆಯಲಿ; ಮುಂದೇನು ಬರಬಹುದು ಎಂದು ಹೇಳಲಿ. 1984ರಲ್ಲಿ ಸಂಶೋಧಕರಾದ ಪಲಿಂಕ್ಸರ್ ಮತ್ತು ಬ್ರೌನ್ ಪ್ರಕಟಿಸಿದ ವಿಧಾನದ ತಿರುಳು ಇಷ್ಟೇ. ಗೈಡ್‌ನ ಉತ್ತರ ಉರು ಹೊಡೆಸಿದರೆ ಕಿರುಪರೀಕ್ಷೆ ದಾಟಬಹುದು, ಓದು ಇದ್ದಲ್ಲೇ ಇರುತ್ತದೆ. ಆದರೆ ಓದು ಕುದುರುವವರೆಗೆ ಪಾಠವನ್ನು ನೀವು ಓದಿ ಹೇಳುವುದನ್ನೂ ನಿಲ್ಲಿಸಬೇಡಿ. ವಿಷಯದಲ್ಲಿ ಹಿಂದೆ ಬಿದ್ದರೆ ಮುಂದಿನ ಪಾಠ ಇನ್ನಷ್ಟು ಕಷ್ಟ. ಶಾಲೆಯಲ್ಲಿ ಗಟ್ಟಿಯಾಗಿ ಓದಿಸುವ ಪ್ಯಾರಾವನ್ನು ಹಿಂದಿನ ದಿನವೇ ತಿಳಿಸುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ.

ಕಣ್ಣು, ಕಿವಿ ಪರೀಕ್ಷೆ ಈಗಲೇ ಆಗಲಿ. ಮೂರು ತಿಂಗಳು ಬಿಡದೆ ಮಾಡಿದರೂ ಪದ ಬಿಡಿಸುವುದು ಸುಧಾರಿಸದಿದ್ದರೆ ಕಲಿಕಾ ನ್ಯೂನತೆಯ (ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಕಷ್ಟವಾಗುವ ಸ್ಥಿತಿ) ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಎಸ್ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಮುಖ್ಯ ಶಿಕ್ಷಕರ ಮೂಲಕ ಅರ್ಜಿ ಹಾಕಬಹುದು. ಹತ್ತನೇ ತರಗತಿಯ ಕೊನೆಯ ತಿಂಗಳಲ್ಲಿ ಓಡಾಡುವ ಬದಲು ಎಂಟರಲ್ಲೇ ವಿಚಾರಿಸಿ.