ಆಫೀಸಿಗೆಲ್ಲ ಒಂದೇ ವೈಫೈ ಪಾಸ್‌ವರ್ಡ್: ಈ ರೂಢಿ ಎಲ್ಲಿಂದ ಬಂತು?

ವೈಫೈ ಸೆಟ್ಟಿಂಗ್ ತೆರೆದರೆ ಡಬ್ಲ್ಯೂಪಿಎ2, ಡಬ್ಲ್ಯೂಪಿಎ3, ಪರ್ಸನಲ್, ಎಂಟರ್‌ಪ್ರೈಸ್ ಅಂತ ಹೆಸರುಗಳ ಸಾಲೇ ಕಾಣುತ್ತದೆ. ಯಾವುದನ್ನು ಆರಿಸಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಹೆಸರುಗಳೆಲ್ಲ ವೈಫೈ ಭದ್ರತೆಯ ಒಂದೊಂದು ಹಳೆಯ ತೊಂದರೆಗೆ ಹಾಕಿದ ತೇಪೆಗಳು.

1997ರ ಮೊದಲ ವೈರ್‌ಲೆಸ್ ಮಾನದಂಡದ ಜೊತೆ ವೆಪ್ ಎಂಬ ಮೊದಲ ಭದ್ರತಾ ವಿಧಾನ ಬಂತು, 2001ರಲ್ಲೇ ಸಂಶೋಧಕರು ಅದರ ಟೊಳ್ಳು ತೋರಿಸಿದರು, 2003ರಲ್ಲಿ ಹಳೆಯ ಉಪಕರಣಗಳಲ್ಲೂ ನಡೆಯುವ ತಾತ್ಕಾಲಿಕ ಡಬ್ಲ್ಯೂಪಿಎ, 2004ರಲ್ಲಿ ಗಟ್ಟಿಯಾದ ಡಬ್ಲ್ಯೂಪಿಎ2. ಕಾಗದದ ಮೇಲೆ ವೆಪ್ ಕಥೆ ಅಲ್ಲಿಗೆ ಮುಗಿಯಿತು. ಅಂಗಡಿಗಳಲ್ಲಿ ಮುಗಿಯಲಿಲ್ಲ. 2005ರಲ್ಲಿ ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿಯೊಂದರ ಮಳಿಗೆಯ ವೆಪ್ ವೈಫೈ ಮೂಲಕವೇ ಕಳ್ಳರು ಒಳಹೊಕ್ಕರು. 2007ರಲ್ಲಿ ವಿಷಯ ಹೊರಬಿದ್ದಾಗ ನಾಲ್ಕೂವರೆ ಕೋಟಿಗೂ ಜಾಸ್ತಿ ಕ್ರೆಡಿಟ್-ಡೆಬಿಟ್ ಕಾರ್ಡ್‌ಗಳ ವಿವರ ಹೋಗಿತ್ತು. ಕಾರ್ಡ್ ಉದ್ಯಮದ ನಿಯಮಗಳು ವೆಪ್ ಅನ್ನು ಪೂರ್ತಿ ಹೊರಗಿಟ್ಟಿದ್ದು 2010ರ ಜೂನ್ ಕೊನೆಗೆ. ಗೊತ್ತಾದ ಮೇಲೂ ಒಂಬತ್ತು ವರ್ಷ!

ನಿಜವಾದ ಗೋಜಲು ಇರುವುದು ಡಬ್ಲ್ಯೂಪಿಎ2 ಕಾಲದಲ್ಲಿ. ಅದರಲ್ಲಿ ಎರಡು ಬಗೆ ಇತ್ತು. ಪರ್ಸನಲ್ ಅಂದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಹೆಸರೇ ಹೇಳುವಂತೆ ಅದು ಮನೆಗೆ. ಎಂಟರ್‌ಪ್ರೈಸ್ ಅಂದರೆ ಪ್ರತಿ ಉದ್ಯೋಗಿಗೂ ಬೇರೆ ಲಾಗಿನ್ ಅಥವಾ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ). ಅದನ್ನು ರೇಡಿಯಸ್ ಸರ್ವರ್ ಪರೀಕ್ಷಿಸುತ್ತದೆ. ಸರ್ವರ್ ಬೇಕು, ನೋಡಿಕೊಳ್ಳಲು ಜನ ಬೇಕು. ಸುಮ್ನೆ ಖರ್ಚು ಯಾಕೆ ಅಂತ ಬಹಳಷ್ಟು ಸಣ್ಣ ಕಂಪನಿಗಳು ಮನೆಯ ಬಗೆಯನ್ನೇ ಇಟ್ಟುಕೊಂಡವು.

ಆ ಒಂದೇ ಪಾಸ್‌ವರ್ಡ್ ಹೊಸಬರಿಗೂ ಗೊತ್ತು, ಮೀಟಿಂಗ್‌ಗೆ ಬಂದ ಅತಿಥಿಗೂ ಗೊತ್ತು, ಕೆಲಸ ಬಿಟ್ಟು ಹೋದವರಿಗೂ ಗೊತ್ತು. ಬದಲಾಯಿಸಬೇಕೆಂದರೆ ಪ್ರಿಂಟರ್, ಕ್ಯಾಮೆರಾ, ಸ್ಕ್ಯಾನರ್ ಎಲ್ಲವನ್ನೂ ಮತ್ತೆ ಜೋಡಿಸಬೇಕು. ಹಾಗಾಗಿ ಯಾರೂ ಆ ತಂಟೆಗೆ ಹೋಗುವುದಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಸಾಧನವೊಂದು ಡಬ್ಲ್ಯೂಪಿಎ2 ವೈಫೈಗೆ ಸೇರುವಾಗ ರೂಟರ್ ಜೊತೆ ನಾಲ್ಕು ಸಂದೇಶ ವಿನಿಮಯವಾಗುತ್ತದೆ. ಹೊರಗೆ ಕಾರಿನಲ್ಲಿ ಕುಳಿತವರೂ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ತಮ್ಮ ಕಂಪ್ಯೂಟರ್‌ನಲ್ಲಿ ಆ ಸಂದೇಶಗಳಿಗೆ ತಾಳೆ ಹಾಕುತ್ತ ಬೇಕಾದಷ್ಟು ಪಾಸ್‌ವರ್ಡ್ ಊಹಿಸಿ ನೋಡಬಹುದು. ರೂಟರ್‌ಗೆ ಸುಳಿವೂ ಸಿಗುವುದಿಲ್ಲ. ಕಂಪನಿ ಹೆಸರಿನ ಮುಂದೆ ಇಸವಿ ಸೇರಿಸಿದ ಪಾಸ್‌ವರ್ಡ್ ಆದರೆ ಎಷ್ಟು ಹೊತ್ತು ತಾಳೀತು?

ಎಂಟರ್‌ಪ್ರೈಸ್ ಹಾಕಿಸಿದವರೂ ನಿಶ್ಚಿಂತರಲ್ಲ. ಅದೇ ಹೆಸರಿನ ನಕಲಿ ವೈಫೈ ಎದುರಾದಾಗ, ಸರ್ವರ್‌ನ ಸರ್ಟಿಫಿಕೇಟ್ ಪರೀಕ್ಷಿಸದ ಲ್ಯಾಪ್‌ಟಾಪ್ ಅದನ್ನೇ ನಂಬಿ ಲಾಗಿನ್ ಮಾಡಲು ಹೋಗುತ್ತದೆ. ಎಚ್ಚರಿಕೆ ಬಂದರೆ 'ಓಕೆ ಒತ್ತಿ' ಅಂತ ಉದ್ಯೋಗಿಗಳಿಗೆ ಕಲಿಸಿದ ಆಫೀಸುಗಳೂ ಇವೆ.

ಮುಂದಿನದು ಬೇಗ ನಡೆಯಿತು. 2011ರ ಕೊನೆಗೆ, ಪಾಸ್‌ವರ್ಡ್ ಟೈಪಿಸದೆ ಸಾಧನ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯದ ಪಿನ್‌ನ ದೋಷ ಹೊರಬಂತು: ಎಂಟು ಅಂಕಿಯ ಪಿನ್ ಅನ್ನು ಎರಡು ಭಾಗವಾಗಿ ಪರೀಕ್ಷಿಸುತ್ತಿದ್ದರಿಂದ ಹೆಚ್ಚೆಂದರೆ 11,000 ಪ್ರಯತ್ನ ಸಾಕಿತ್ತು. 2017ರಲ್ಲಿ ಬೆಲ್ಜಿಯಂನ ಸಂಶೋಧಕರಾದ ಮ್ಯಾಥಿ ವಾನ್‌ಹೋಫ್ ಮತ್ತು ಫ್ರಾಂಕ್ ಪೀಸೆನ್ಸ್ ಡಬ್ಲ್ಯೂಪಿಎ2ರಲ್ಲೇ ಇದ್ದ, ರವಾನೆಯಾಗುವ ಮಾಹಿತಿಯನ್ನು ಓದಲು ಬಿಡುವ ಕ್ರ್ಯಾಕ್ ಎಂಬ ದೋಷ ಬಯಲಿಗೆಳೆದರು. ಅಪ್‌ಡೇಟ್ ಸಿಕ್ಕ ಸಾಧನಗಳು ಬಚಾವಾದವು. 2018ರಲ್ಲಿ ಡಬ್ಲ್ಯೂಪಿಎ3 ಬಂತು. ಹಿಡಿದಿಟ್ಟ ಸಂದೇಶಗಳಿಂದ ಪಾಸ್‌ವರ್ಡ್ ಊಹಿಸುವ ದಾರಿಯನ್ನು ಮುಚ್ಚುವುದೇ ಅದರ ಉದ್ದೇಶ. ಅದರಲ್ಲೂ 2019ರಲ್ಲಿ ಲೋಪಗಳು ಸಿಕ್ಕವು. 2021ರಲ್ಲಿ ಪ್ರಕಟವಾದ ಫ್ರ್ಯಾಗ್‌ಅಟ್ಯಾಕ್ಸ್ ಎಂಬ ವೈಫೈ ದೋಷಗಳಲ್ಲಿ ಕೆಲವಂತೂ 1997ರಿಂದಲೇ ಇದ್ದವು.

ಹಳೆಯ ಸಾಧನಗಳಿಗಾಗಿ ಡಬ್ಲ್ಯೂಪಿಎ3ರಲ್ಲೂ ಒಂದು ಟ್ರಾನ್ಸಿಷನ್ ಮೋಡ್ ಇಟ್ಟಿದ್ದಾರೆ. ಅದೇ ಪಾಸ್‌ವರ್ಡ್‌ನಿಂದ ಡಬ್ಲ್ಯೂಪಿಎ2 ಸಾಧನವೂ ಸೇರಬಹುದು. ಅಂದರೆ ಊಹಿಸುವವರಿಗೆ ಹಳೆಯ ದಾರಿ ತೆರೆದೇ ಇರುತ್ತದೆ, ಅಲ್ವಾ? ಅತಿಥಿಗಳಿಗೆ ಬೇರೆ ನೆಟ್‌ವರ್ಕ್, ಕ್ಯಾಮೆರಾ-ಪ್ರಿಂಟರ್‌ಗಳಿಗೆ ಇನ್ನೊಂದು, ಡಬ್ಲ್ಯೂಪಿಎಸ್ ಬಂದ್: ಇಷ್ಟನ್ನು ಐಟಿಯವರು ಒಂದೆರಡು ದಿನದಲ್ಲಿ ಮಾಡಿಬಿಡಬಹುದು. ಟ್ರಾನ್ಸಿಷನ್ ಮೋಡ್ ನಿಲ್ಲಿಸಲು ಮಾತ್ರ ಗೋದಾಮಿನ ಹಳೆಯ ಸ್ಕ್ಯಾನರ್‌ಗಳನ್ನೂ ಬದಲಾಯಿಸಬೇಕು. ಆ ಬಿಲ್‌ಗೆ ಸಹಿ ಹಾಕುವುದು ಐಟಿ ವಿಭಾಗವಲ್ಲ.